ಹಳ್ಳಿ ಮನೆಯ ವಿಟಮಿನ್ ಕೊರತೆ: ತಟ್ಟೆ ನೋಡುವುದರಿಂದ ರಕ್ತ ಪರೀಕ್ಷೆವರೆಗೆ, ಹಂತ ಹಂತವಾಗಿ

ಸುಸ್ತು ಎಂದ ಕೂಡಲೇ ಪೇಟೆಗೆ ಹೋಗಿ ಒಂದು ಬಾಟಲಿ ಹಾಕಿಸಿಕೊಳ್ಳುವುದು, ಬರುವಾಗ ಮೆಡಿಕಲ್ ಶಾಪಿನಿಂದ ಒಂದು ಟಾನಿಕ್ ತರುವುದು: ಹಳ್ಳಿಗಳಲ್ಲಿ ವಿಟಮಿನ್ ಕೊರತೆಗೆ ಸಿಗುವ ಚಿಕಿತ್ಸೆ ಬಹುಮಟ್ಟಿಗೆ ಇಷ್ಟೇ. ಎರಡು ದಿನ ಹಗುರ ಅನಿಸುತ್ತದೆ. ಮೂರು ತಿಂಗಳಿಗೆ ಮತ್ತೆ ಅದೇ ಅಂಗಾಲು ಉರಿ, ಅದೇ ಕಟಬಾಯಿ ಹುಣ್ಣು. ಟಾನಿಕ್ಕಿನ ತಪ್ಪಲ್ಲ. ಯಾವ ವಿಟಮಿನ್ ಕಡಿಮೆಯಾಗಿದೆ, ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡದೆ ಕೊಟ್ಟಿದ್ದರಿಂದ ಕೆಲಸ ಕೆಟ್ಟಿತು.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮೊದಲು ತಟ್ಟೆ, ಆಮೇಲೆ ಮೈ, ಆಮೇಲೆ ಒಲೆ, ಅಂಗಡಿಯ ಮಾತ್ರೆ ಕೊನೆಗೆ. ಈ ಕ್ರಮವನ್ನು ಮುರಿಯಬೇಕಾದ ಸಂದರ್ಭ ಒಂದೇ, ಅದನ್ನು ಮೂರನೇ ಹಂತದಲ್ಲಿ ಹೇಳಿದೆ. ಮನೆಯಲ್ಲಿ ಕೂಸೋ ಬಾಣಂತಿಯೋ ಇದ್ದರೆ ಅದನ್ನೇ ಮೊದಲು ಓದಿ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ಕು, ಟಾರ್ಚ್ (ಮೊಬೈಲಿನದ್ದಾದರೂ ಸರಿ), 200 ಮಿ.ಲೀ. ಹಿಡಿಯುವ ಒಂದು ಲೋಟ, ಒಂದು ಟೀ ಚಮಚ, ಮಗುವಿನ ತಾಯಿ ಕಾರ್ಡು, ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಿದ್ದಾರೋ ಅದರ ಖಾಲಿ ಪಟ್ಟಿಗಳು. ಪಟ್ಟಿಗಳನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತವೆ.

ಹಂತ 1: ಮೂರು ದಿನದ ಊಟ ಬರೆದಿಡಿ

ಮನೆಮಂದಿ ಒಬ್ಬೊಬ್ಬರೂ ಮೂರು ದಿನ ಏನು ತಿಂದರು ಎಂದು ಬರೆಯಿರಿ. ಹಬ್ಬ, ಜಾತ್ರೆ, ಸಂತೆಯ ದಿನ ಬೇಡ, ಸಾದಾ ದಿನಗಳೇ ಆಗಲಿ. ಮನೆಯಲ್ಲಿ ಮಾಡಿದ ಅಡುಗೆಯನ್ನಲ್ಲ, ಆಯಾ ತಟ್ಟೆಗೆ ಬಿದ್ದದ್ದನ್ನು ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮನೆಯಲ್ಲಿ ಸೊಪ್ಪಿನ ಸಾರು ಮಾಡಿರುತ್ತಾರೆ, ಮಗು ಅನ್ನಕ್ಕೆ ತಿಳಿಯನ್ನಷ್ಟೇ ಕಲಸಿಕೊಂಡಿರುತ್ತದೆ. ಮೊಟ್ಟೆ ತಂದಿರುತ್ತಾರೆ, ಕೊನೆಗೆ ಉಂಡ ಸೊಸೆಯ ಪಾಲಿಗೆ ಬರೀ ಗೊಜ್ಜು ಉಳಿದಿರುತ್ತದೆ.

ಹಾಲಿನ ಲೆಕ್ಕ ಬೇರೆಯಾಗಿ ಮಾಡಿ. ಎರಡು ಹಸು ಕಟ್ಟಿದ ಮನೆಯಲ್ಲೂ ಹಾಲೆಲ್ಲ ಡೈರಿಗೆ ಹೋಗಿ, ಮನೆಗೆ ಉಳಿಯುವುದು ಟೀಗೆ ಹಾಕುವಷ್ಟು ಮಾತ್ರ ಎಂಬುದು ಸಾಮಾನ್ಯ. ಒಂದು ಟೀಯಲ್ಲಿ 40-50 ಮಿ.ಲೀ. ಹಾಲಿರುತ್ತದೆ. ದಿನಕ್ಕೆ ಮೂರು ಟೀ ಎಂದರೆ 150 ಮಿ.ಲೀ. ದಾಟುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2.2 ಮೈಕ್ರೋಗ್ರಾಂ. ಕಾಲು ಲೀಟರ್ ಹಾಲಿನಲ್ಲಿ ಸಿಗುವುದು ಹೆಚ್ಚುಕಮ್ಮಿ 1 ಮೈಕ್ರೋಗ್ರಾಂ. ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆಯಲ್ಲಿ ಮೂರು ಟೀಯ ಮೇಲೆ ದಿನ ಕಳೆಯುವವರಿಗೆ ಕೊರತೆ ಏಕೆ ಬರುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನೀರುಮಜ್ಜಿಗೆಯನ್ನು ಹಾಲಿನ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಬೆರೆಸಿದರೆ ಅದು ದಾಹಕ್ಕೆ ಒಳ್ಳೆಯದು, ಬಿ12ಗೆ ಅಲ್ಲ.

ಬರೆದದ್ದನ್ನು ಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆ ಕೇಳಿ. ಮೂರು ದಿನದಲ್ಲಿ ಸೊಪ್ಪು ಎಷ್ಟು ಸಲ ತಟ್ಟೆಗೆ ಬಂತು? ಹಸಿಯಾಗಿ ಹುಳಿ ಹಣ್ಣೋ ನಿಂಬೆಯೋ ಬಂತೇ? ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಒಂದಾದರೂ ದಿನವೂ ಇತ್ತೇ? ಬೇಳೆಕಾಳು ತಿಳಿಯಾಗಿ ಬಂತೋ ಗಟ್ಟಿಯಾಗಿ ಬಂತೋ? ಎಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತದೋ ಅಲ್ಲೇ ಕೊರತೆಯ ಬೇರು.

ಹಂತ 2: ಮೈ ನೋಡಿ, ಬೆಳಕಿನಲ್ಲಿ

ಹಗಲು ಬೆಳಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಒಂದೇ ಕ್ರಮದಲ್ಲಿ ನೋಡಿ. ಹೀಗೆ ನೋಡಿದರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಕಣ್ಣು. ಮೊದಲು ಕೇಳಿ: ಸಂಜೆ ಹೊತ್ತು ಮುಳುಗಿದ ಮೇಲೆ ಮಗು ಹೊಸ್ತಿಲು ಎಡವುತ್ತದೆಯೇ, ತಟ್ಟೆಯಲ್ಲಿನ ತುತ್ತನ್ನು ತಡಕುತ್ತದೆಯೇ, ಆಡುತ್ತಿದ್ದದ್ದು ಸುಮ್ಮನೆ ಒಂದೆಡೆ ಕೂತುಬಿಡುತ್ತದೆಯೇ? ಇದು ಇರುಳುಗುರುಡು, ವಿಟಮಿನ್ ಎ ಕೊರತೆಯ ಮೊದಲ ಎಚ್ಚರಿಕೆ ಗಂಟೆ. ಆಮೇಲೆ ಮಗುವಿಗೆ ಮೂಗಿನ ಕಡೆ ನೋಡಲು ಹೇಳಿ, ಟಾರ್ಚನ್ನು ಪಕ್ಕದಿಂದ ಹಿಡಿದು ಕಪ್ಪುಗುಡ್ಡೆಯ ಹೊರಬದಿಯ ಬಿಳಿಭಾಗ ನೋಡಿ. ಅಲ್ಲಿ ಸೋಪಿನ ನೊರೆ ಒಣಗಿದಂತೆ, ಬೂದು ಬಿಳುಪಿನ, ತುಸು ಉಬ್ಬಿದ ಚಿಕ್ಕ ಮಚ್ಚೆ ಇದ್ದರೆ ಅದೇ ಬಿಟಾಟ್ ಚುಕ್ಕೆ. ಒರೆಸಿದರೆ ನೊರೆ ಹೋಗಬಹುದು, ಮತ್ತೆ ಬರುತ್ತದೆ. ಕಣ್ಣು ಒದ್ದೆಯ ಹೊಳಪು ಕಳೆದುಕೊಂಡು ಒಣಗಿದಂತೆ ಕಂಡರೂ ಅದೇ ಸೂಚನೆ. ಮೂಗಿನ ಬದಿಯಲ್ಲಿ ಬೆಳೆಯುವ ಮಾಂಸದ ಪೊರೆ ಬೇರೆ, ಅದು ಬಿಸಿಲು ಧೂಳಿನಲ್ಲಿ ದುಡಿಯುವ ದೊಡ್ಡವರಲ್ಲಿ ಬರುವಂಥದ್ದು.

ಬಾಯಿ. ಎರಡೂ ಕಟಬಾಯಿ ಬಿರಿದಿದ್ದರೆ, ನಾಲಿಗೆ ನುಣುಪಾಗಿ ಕೆಂಪಾಗಿ ಖಾರ ತಾಗಿದರೆ ಉರಿಯುವಂತಿದ್ದರೆ ಬಿ ಗುಂಪಿನ ಕೊರತೆ: ಬಿ2, ಬಿ12, ಫೋಲೇಟ್ (ಫೋಲಿಕ್ ಆಮ್ಲ). ಕಬ್ಬಿಣದ ಕೊರತೆಯಲ್ಲೂ ಹೀಗೇ ಕಾಣುತ್ತದೆ. ಒಂದೇ ಬದಿಯ ಕಟಬಾಯಿ ಒಡೆದಿದ್ದರೆ ಹಲ್ಲಿನ ತೊಂದರೆಯೋ ಸೋಂಕೋ ಇರಬಹುದು. ಒಸಡು ಊದಿ, ಮುಟ್ಟಿದರೆ ರಕ್ತ ಬರುವುದು ಕೊಳಕು ಹಲ್ಲಿನಿಂದಲೇ ಹೆಚ್ಚು. ಅದರ ಜೊತೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಬರುತ್ತಿದ್ದರೆ, ಗಾಯ ಮಾಯುತ್ತಿಲ್ಲದಿದ್ದರೆ ವಿಟಮಿನ್ ಸಿ ಕಡೆ ನೋಡಿ.

ಚರ್ಮ. ಬೆರಳ ಗೆಣ್ಣುಗಳ ಮೇಲೆ, ಅಂಗೈ ಗೆರೆಗಳಲ್ಲಿ ಹೊಸದಾಗಿ ಕಪ್ಪು ಕೂತಿದ್ದರೆ ಬಿ12 ಅನುಮಾನಿಸಿ. ಬಿಸಿಲು ಬೀಳುವ ಜಾಗಗಳಲ್ಲಿ ಮಾತ್ರ, ಅಂದರೆ ಮುಂಗೈ, ಪಾದದ ಮೇಲ್ಭಾಗ, ಕತ್ತಿನ ಸುತ್ತ ಹಾರ ಹಾಕಿದಂತೆ, ಚರ್ಮ ಕಪ್ಪಾಗಿ ಸಿಪ್ಪೆ ಏಳುತ್ತಿದ್ದು ಜೊತೆಗೆ ಭೇದಿಯೋ ಮಂಕೋ ಇದ್ದರೆ ಅದು ಪೆಲಾಗ್ರಾ, ನಿಯಾಸಿನ್ (ಬಿ3) ಕೊರತೆ. ಜೋಳವನ್ನಷ್ಟೇ ನೆಚ್ಚಿದ ದಖ್ಖನಿನ ಬಡ ಕುಟುಂಬಗಳಲ್ಲಿ ಇದು ಬರುತ್ತದೆಂದು ಹೈದರಾಬಾದಿನ ಸಿ. ಗೋಪಾಲನ್ ತಂಡ 1960ರಲ್ಲೇ ತೋರಿಸಿತ್ತು. ಈಗ ಹೆಚ್ಚಾಗಿ ಕಾಣುವುದು ಊಟ ಬಿಟ್ಟು ಕುಡಿಯುವವರಲ್ಲಿ.

ಕಾಲು. ಅಂಗಾಲು ಉರಿ, ಜುಮ್ಮು, ಚಪ್ಪಲಿ ಕಳಚಿದ್ದೇ ತಿಳಿಯದಿರುವುದು, ಕಣ್ಣು ಮುಚ್ಚಿ ನಿಂತರೆ ತೂರಾಡುವುದು: ಬಿ12. ಕುಕ್ಕರುಗಾಲಿನಲ್ಲಿ ಕೂತವರು ಕೈ ಊರದೆ ಏಳಲಾರದಿದ್ದರೆ, ಸೊಂಟ, ತೊಡೆ, ಎದೆಮೂಳೆ ಒತ್ತಿದರೆ ನೋವಿದ್ದರೆ ವಿಟಮಿನ್ ಡಿ. ಮಗುವಿನ ಮಣಿಕಟ್ಟು ದಪ್ಪವಾಗಿದ್ದರೆ, ನಡೆಯಲು ಕಲಿತ ಮೇಲೆ ಕಾಲು ಬಾಗುತ್ತಿದ್ದರೆ ರಿಕೆಟ್ಸ್, ಅಂದರೆ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ. ಆದರೆ ಪಾವಗಡ, ಕೋಲಾರ, ರಾಯಚೂರಿನಂಥ ಫ್ಲೋರೈಡ್ ನೀರಿನ ಸೀಮೆಯಲ್ಲಿ ಕಾಲು ಬಾಗುವುದಕ್ಕೆ ಆ ನೀರೂ ಕಾರಣವಾಗುತ್ತದೆ. ಹಲ್ಲಿನ ಮೇಲೆ ಸುಣ್ಣದ ಗೆರೆಯೋ ಕಂದು ಪಟ್ಟೆಯೋ ಇದ್ದರೆ ವೈದ್ಯರಿಗೆ ತೋರಿಸುವ ಜೊತೆಗೇ ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಿ. ಡಿ ಪುಡಿಯೊಂದರಿಂದಲೇ ಅದು ನೆಟ್ಟಗಾಗುವುದಿಲ್ಲ.

ಹಂತ 3: ಇವು ಕಂಡರೆ ಉಳಿದದ್ದೆಲ್ಲ ಬಿಟ್ಟು ಆಸ್ಪತ್ರೆಗೆ

ಎದೆಹಾಲು ಮಾತ್ರ ಕುಡಿಯುವ ಎರಡು, ಮೂರು, ನಾಲ್ಕು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುವುದು, ಪದೇ ಪದೇ ವಾಂತಿ, ಏದುಸಿರು, ಅತ್ತರೂ ದನಿ ಹೊರಡದಿರುವುದು ಅಥವಾ ಗೊಗ್ಗರು ದನಿ. ತಾಯಿ ಬಾಣಂತಿ ಪಥ್ಯದಲ್ಲಿದ್ದರೆ ಇದು ಥಯಾಮಿನ್ (ಬಿ1) ಕೊರತೆಯಿಂದ ಹೃದಯ ಸೋಲುತ್ತಿರುವ ಸೂಚನೆ ಆಗಿರಬಹುದು. ಗಂಟೆಗಳ ಲೆಕ್ಕದಲ್ಲಿ ಕೂಸು ಕೈತಪ್ಪುತ್ತದೆ, ಸರಿಯಾದ ಇಂಜೆಕ್ಷನ್ ಬಿದ್ದರೆ ಗಂಟೆಗಳ ಲೆಕ್ಕದಲ್ಲೇ ಚೇತರಿಸಿಕೊಳ್ಳುತ್ತದೆ. ಕಫ ಎಂದೋ ದೃಷ್ಟಿ ಎಂದೋ ಒಂದು ರಾತ್ರಿ ಕಾಯಬೇಡಿ. ವೈದ್ಯರು ಕೇಳದಿದ್ದರೂ ತಾಯಿ ಏನು ಉಣ್ಣುತ್ತಿದ್ದಾಳೆ ಎಂದು ನೀವೇ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು.

ಆರು ತಿಂಗಳಿಂದ ಒಂದೂವರೆ ವರ್ಷದೊಳಗಿನ ಮಗು ನೋಡಲು ಗುಂಡಾಗಿಯೇ ಇದ್ದರೂ ನಗು ನಿಲ್ಲಿಸಿದರೆ, ನಿಂತಿದ್ದ ಕತ್ತು ಮತ್ತೆ ವಾಲಿದರೆ, ಗೆಣ್ಣು ಕಪ್ಪಾಗಿ ಕೂದಲು ಕಂದಾಗಿ ವಿರಳವಾದರೆ, ಕೈ ನಡುಗಿದರೆ ತಾಯಿ ಮಗು ಇಬ್ಬರಿಗೂ ಬಿ12 ನೋಡಿಸಬೇಕು. ‘ತಡವಾಗಿ ಕಲಿಯುತ್ತೆ ಬಿಡಿ’ ಎಂದು ಕಾದಷ್ಟೂ ಮಿದುಳಿನ ಬೆಳವಣಿಗೆ ಹಿಂದೆ ಬೀಳುತ್ತದೆ.

ಕಪ್ಪುಗುಡ್ಡೆ ಮಂಕಾಗುವುದು, ಅದರ ಮೇಲೆ ಹುಣ್ಣು, ಅದೂ ದಡಾರ ಬಂದು ಹೋದ ಮೇಲೆ: ಅದೇ ದಿನ ಹೋಗಿ. ನವಜಾತ ಶಿಶುವಿನ ಹೊಕ್ಕುಳಲ್ಲೋ ಮಲದಲ್ಲೋ ರಕ್ತ ಕಂಡರೆ, ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಆಗಿತ್ತೇ ಎಂಬ ಕಾಗದ ಹಿಡಿದು ಹೋಗಿ.

ಕುಡಿತದ ಚಟವಿರುವವರು ಮಂಕಾಗಿ, ತೂರಾಡಿ, ಕಣ್ಣುಗುಡ್ಡೆ ಅದಿರುತ್ತಿದ್ದರೆ ಬರೀ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ಬಿ1 ಇಲ್ಲದ ಮೈಗೆ ಬರೀ ಗ್ಲೂಕೋಸ್ ಹೋದರೆ ಉಳಿದಿದ್ದ ಚೂರು ಬಿ1 ಕೂಡ ಅದನ್ನು ಅರಗಿಸಲು ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಥಯಾಮಿನ್ ಮೊದಲು ಅಥವಾ ಜೊತೆಗೇ ಹೋಗಬೇಕು. ಕುಡಿತದ ವಿಷಯ ಮುಚ್ಚಿಟ್ಟರೆ ಅದು ವೈದ್ಯರಿಗೆ ಗೊತ್ತಾಗುವುದು ಹೇಗೆ?

ಹಂತ 4: ಅಡುಗೆಮನೆಯ ಸೋರಿಕೆ ಮುಚ್ಚಿ

ಹೊಸದನ್ನು ತರುವ ಮೊದಲು ಇರುವುದನ್ನು ಉಳಿಸಿ. ಇದಕ್ಕೆ ಕಾಸು ಖರ್ಚಿಲ್ಲ, ಅದಕ್ಕೇ ಏನೋ ಯಾರೂ ಮಾಡುವುದಿಲ್ಲ.

ಅಕ್ಕಿಯನ್ನು ಎರಡು ಸಲಕ್ಕಿಂತ ಹೆಚ್ಚು ತೊಳೆಯಬೇಡಿ, ಕೈಯಲ್ಲಿ ಉಜ್ಜಬೇಡಿ. ಬಿ1 ಮತ್ತದರ ಜೊತೆಯ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೊದಲೇ ಕಡಿಮೆ, ತೊಳೆದಾಗ ಸ್ವಲ್ಪ ಹೋಗುತ್ತದೆ, ಗಂಜಿ ಬಸಿದಾಗ ಉಳಿದದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಒಂದಕ್ಕೆ ಎರಡರಿಂದ ಎರಡೂವರೆ ಅಳತೆ ನೀರಿಟ್ಟು ಇಂಗಿಸಿ ಬೇಯಿಸಿ. ಬಸಿದೇ ಉಣ್ಣಬೇಕೆನ್ನುವವರು ಆ ಗಂಜಿಯನ್ನು ಉಪ್ಪು ಹಾಕಿ ಕುಡಿಯಲಿ ಅಥವಾ ಸಾರಿಗೆ ಬೆರೆಸಲಿ, ಹಸುವಿನ ಕಲಗಚ್ಚಿಗೆ ಸುರಿಯದಿರಲಿ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ನಷ್ಟ ಕಡಿಮೆ. ಭತ್ತವನ್ನು ಕುದಿಸುವಾಗಲೇ ತೌಡಿನ ವಿಟಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ.

ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದನ್ನು ನಿಲ್ಲಿಸಿ. ಬಿ1ಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಗಡಸು ನೀರಿನ ಊರಾದರೆ ಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ಹುಣಸೆಯನ್ನು ಕೊನೆಗೆ ಹಾಕಿ, ಮೆತ್ತಗೆ ಬೇಯುತ್ತದೆ.

ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಪಾತ್ರೆ ಮುಚ್ಚಿ ಬೇಯಿಸಿ, ಐದರಿಂದ ಎಂಟು ನಿಮಿಷ ಸಾಕು. ಬೇಯಿಸಿದ ನೀರನ್ನು ಚೆಲ್ಲಬೇಡಿ. ಬಸ್ಸಾರು ಮಾಡುವ ಮನೆಗೆ ಇದನ್ನು ಹೇಳಿಕೊಡಬೇಕಿಲ್ಲ: ಸೊಪ್ಪು ಕಾಳು ಪಲ್ಯವಾದರೆ ಬಸಿದ ಕಟ್ಟು ಸಾರಾಗುತ್ತದೆ, ಹನಿಯೂ ದಂಡವಾಗುವುದಿಲ್ಲ. ಪಲ್ಯಕ್ಕೆ ಒಬ್ಬರಿಗೆ ಒಂದು ಟೀ ಚಮಚದಷ್ಟಾದರೂ ಎಣ್ಣೆಯೋ ತುಪ್ಪವೋ ಬೀಳಬೇಕು. ಸೊಪ್ಪಿನ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಕೊಬ್ಬಿಲ್ಲದೆ ಕರುಳು ದಾಟುವುದಿಲ್ಲ.

ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ, ಆದಷ್ಟು ತಟ್ಟೆಯಲ್ಲೇ ಹಿಂಡಿ. ಕುದಿಸಿದರೆ ಹುಳಿ ಉಳಿಯುತ್ತದೆ, ವಿಟಮಿನ್ ಸಿ ಉಳಿಯುವುದಿಲ್ಲ. ಪಾರದರ್ಶಕ ಬಾಟಲಿಯ ಎಣ್ಣೆ, ಗಾಜಿನ ಪಾತ್ರೆಯ ಹಾಲು ಬಿಸಿಲಿಗೆ ಕೂರಬಾರದು. ಎಣ್ಣೆಯ ಎ ಕೂಡ, ಹಾಲಿನ ಬಿ2 ಕೂಡ ಬೆಳಕಿಗೆ ಸಾಯುತ್ತವೆ. ಅಂಗಡಿಯಲ್ಲಿ ‘+ಎಫ್’ ಗುರುತಿನ ಎಣ್ಣೆ, ಹಾಲಿನ ಪ್ಯಾಕೆಟ್ ನೋಡಿ ಕೊಳ್ಳಿ, ಅವಕ್ಕೆ ಎ ಮತ್ತು ಡಿ ಸೇರಿಸಿರುತ್ತಾರೆ.

ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ನಡುನಡುವೆ ತುಸು ಬಣ್ಣ ಬೇರೆಯಾದ, ನೀರಿನಲ್ಲಿ ತೇಲುವ ಕಾಳು ಕಂಡರೆ ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಒತ್ತಿದ ಬಲವರ್ಧಿತ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆದರೆ ವಿಟಮಿನ್ನನ್ನೇ ಆರಿಸಿ ಎಸೆದಂತೆ.

ಹಂತ 5: ತಟ್ಟೆಗೆ ಸೇರಿಸಿ, ಅಳತೆ ಇಟ್ಟು

ದೊಡ್ಡವರಿಗೆ ದಿನಕ್ಕೆ 100 ಗ್ರಾಂ ಹಸಿ ಸೊಪ್ಪು, ಬೆಂದ ಮೇಲೆ ಅರ್ಧ ಲೋಟದಷ್ಟು. ದಂಟು, ಹರಿವೆ, ಮೆಂತ್ಯ, ಚಕ್ಕೋತ, ಹೊನಗೊನ್ನೆ, ಪುಂಡಿ, ಹೊಲದ ಬೆರಕೆ ಸೊಪ್ಪು, ಯಾವುದಾದರೂ ಸರಿ. ಮಗುವಿಗೆ ಇದರ ಅರ್ಧ. ಸೊಪ್ಪು ಒಲ್ಲೆನ್ನುವ ಮಗುವಿಗೆ ಪಪ್ಪಾಯಿ, ಮಾವು, ಸಿಹಿಗುಂಬಳ.

ಒಂದು ಬೆಟ್ಟದ ನೆಲ್ಲಿಕಾಯಿ ಇಲ್ಲವೇ ಅರ್ಧ ಸೀಬೆಹಣ್ಣು ದೊಡ್ಡವರ ಇಡೀ ದಿನದ ವಿಟಮಿನ್ ಸಿ ಕೊಡುತ್ತದೆ. ಪೇಟೆಯಿಂದ ಸೇಬು ತರುವ ಖರ್ಚು ದಂಡ, ಅದರಲ್ಲಿ ಸಿ ತೀರಾ ಕಡಿಮೆ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗಲೂ ಸೀಬೆಯನ್ನೇ ಒಯ್ಯಬಹುದು, ಮರ್ಯಾದೆಗೆ ಕಡಿಮೆ ಅನಿಸಿದರೂ.

ಬಿ12ಗೆ ಸಸ್ಯಾಹಾರಿಗಳು ದಿನಕ್ಕೆ ಎರಡರಿಂದ ಎರಡೂವರೆ ಲೋಟ ಹಾಲು ಮೊಸರು, ಅಂದರೆ ಅರ್ಧ ಲೀಟರ್ ಒಳಗೆ ಇಳಿಸಬೇಕು. ಡೈರಿಗೆ ಅಳೆಯುವ ಮುಂಚೆ ಮನೆಯ ಪಾಲು ತೆಗೆದಿಡಿ, ಅಳೆದಾದ ಮೇಲೆ ಉಳಿಯುವುದಿಲ್ಲ. ತಿನ್ನುವವರಿಗೆ ಒಂದು ಮೊಟ್ಟೆ ಅರ್ಧ ಮೈಕ್ರೋಗ್ರಾಂ ಕೊಡುತ್ತದೆ. ಮೀನು, ಈಲಿ (ಲಿವರ್) ಅದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ. ಮೊಳಕೆ ಕಾಳು, ಸೊಪ್ಪು, ಇಡ್ಲಿ ಹಿಟ್ಟಿನ ಹುಳಿಯಲ್ಲಿ ಬಿ12 ಸಿಗುತ್ತದೆಂದು ನೆಚ್ಚಬೇಡಿ. ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆಯಲ್ಲಿರುವುದು ಬಹುಪಾಲು ಮೈಗೆ ಹತ್ತದ ರೂಪ.

ಡಿಗೆ ಬಿಸಿಲು. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುವುದು ಬೆಚ್ಚಗಿರುತ್ತದೆ, ಆದರೆ ಡಿ ತಯಾರಾಗುವ ಕಿರಣ ಆ ಹೊತ್ತಿನಲ್ಲಿ ತೀರಾ ಕಡಿಮೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು. ದೊಡ್ಡವರು ಕೈ ಕಾಲು ಮುಖಕ್ಕೆ 20-30 ನಿಮಿಷ ಬಿಸಿಲು ತಾಗಿಸಿಕೊಳ್ಳಲಿ, ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಕೂಸನ್ನು ಆ ಬಿಸಿಲಿಗೆ ಹಾಕಬೇಡಿ, ಅದಕ್ಕೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಡಿ ಹನಿಯನ್ನು ವೈದ್ಯರೇ ಬರೆದುಕೊಡುತ್ತಾರೆ. ಜೊತೆಗೆ ಸುಣ್ಣದಂಶ ಬೇಕು: 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ. ಆಸುಪಾಸು ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಜೋಳದ ರೊಟ್ಟಿ ಮನೆಗಳಲ್ಲಿ ಬದನೆಕಾಯಿ ಎಣ್ಣೆಗಾಯಿ ಒಂದನ್ನೇ ನೆಚ್ಚಬೇಡಿ. ಶೇಂಗಾ ಚಟ್ನಿ, ಝುಣಕ, ಕಾಳುಪಲ್ಯ, ಮೊಸರಿನಲ್ಲಿ ಒಂದು ರೊಟ್ಟಿಯ ಜೊತೆ ಇರಲಿ. ನಿಯಾಸಿನ್ ಕೊರತೆ ಹತ್ತಿರ ಸುಳಿಯುವುದಿಲ್ಲ.

ನುಗ್ಗೆಸೊಪ್ಪಿನ ಪುಡಿ ಮಾಡುವವರು ಬೇಸಿಗೆಗೆ ಮಾಡಿಡಿ. ಹಳದಿ ತಿರುಗದ ಎಲೆ ಬಿಡಿಸಿ, ತೊಳೆದು ನೀರು ಸೋರಿಸಿ, ಬಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಮೂರು ನಾಲ್ಕು ದಿನ, ದಿನಕ್ಕೆರಡು ಸಲ ಕೈಯಾಡಿಸುತ್ತ ಒಣಗಿಸಿ. ಹಿಡಿಯಲ್ಲಿ ಹಿಡಿದರೆ ಗರಗರನೆ ಪುಡಿಯಾಗಬೇಕು. ಬಿಸಿಲಿಗೆ ಹಾಕಿದರೆ ಒಂದೇ ದಿನಕ್ಕೆ ಒಣಗುತ್ತದೆ ನಿಜ, ಆದರೆ ಹಸಿರು ಕಂದಾಗುತ್ತದೆ. ಬಣ್ಣ ಹೋದಂತೆ ಕ್ಯಾರೋಟಿನ್ ಕೂಡ ಹೋಯಿತೆಂದು ತಿಳಿಯಿರಿ. ಒಂದು ಕಿಲೋ ಎಲೆಗೆ 200 ಗ್ರಾಂ ಒಳಗೆ ಪುಡಿ ಬರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು ಆರು ತಿಂಗಳೊಳಗೆ ಮುಗಿಸಿ. ದೊಡ್ಡವರಿಗೆ ದಿನಕ್ಕೆ ಒಂದೆರಡು ಟೀ ಚಮಚ, ವರ್ಷ ದಾಟಿದ ಮಗುವಿಗೆ ಅರ್ಧ ಚಮಚ, ಸಾರೋ ಗಂಜಿಯೋ ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ. ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ, ಒಣಗುವ ಮೊದಲೇ ಬೂಸಲು ಹಿಡಿಯುತ್ತದೆ.

ಹಂತ 6: ಬಾಣಂತಿಯ ತಟ್ಟೆ ಬದಲಿಸಿ

ಹಂತ 3ರಲ್ಲಿ ಹೇಳಿದ ಕೂಸಿನ ಕಾಯಿಲೆ ಹುಟ್ಟುವುದು ಈ ತಟ್ಟೆಯಲ್ಲಿ. ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ, ಒಣಕೊಬ್ಬರಿ ಕಾರ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ಶೀತ, ಮೊಸರು ಬೇಡ, ನೀರು ಕಡಿಮೆ. ಊಟದ ಮೇಲೆ ಎಲೆ ಅಡಿಕೆ. ಹೀಗೆ ಒಂದೂವರೆ ತಿಂಗಳೋ ಮೂರು ತಿಂಗಳೋ ನಡೆದರೆ ಬಿ1 ಬರುವ ಬಾಗಿಲೆಲ್ಲ ಮುಚ್ಚಿದಂತೆ. ಅಡಿಕೆ ಮತ್ತು ಕಡುಟೀಯ ಒಗರು ಇದ್ದ ಬಿ1ನ್ನೂ ಕೆಡಿಸುತ್ತದೆ. ತಾಯಿಗೆ ಅಂಗಾಲು ಜುಮ್ಮು, ಮೀನಖಂಡ ನೋವು ಅಷ್ಟೇ ಕಾಣಿಸಬಹುದು, ‘ಬಾಣಂತಿ ನೋವು’ ಎಂದು ಸುಮ್ಮನಾಗುತ್ತಾರೆ. ಹಾಲು ಧಾರಾಳವಾಗಿ ಬರುತ್ತದೆ, ಅದರಲ್ಲಿ ಬಿ1 ಮಾತ್ರ ತೀರಾ ಕಡಿಮೆ.

ಅಜ್ಜಿಯ ಜೊತೆ ವಾದಕ್ಕೆ ನಿಂತರೆ ಕೆಲಸ ಆಗುವುದಿಲ್ಲ. ಪಥ್ಯ ಬಿಡಿಸುವ ಬದಲು ಪಥ್ಯದ ಒಳಗೇ ಜಾಗ ಮಾಡಿ. ಹೆಸರುಬೇಳೆಯನ್ನು ಹುರಿದು ಮೆಣಸು ಜೀರಿಗೆ ಹಾಕಿದ ಕಟ್ಟು ಮಾಡಿದರೆ ‘ವಾಯು’ ಎನ್ನುವವರೂ ಒಪ್ಪುತ್ತಾರೆ, ಆದರೆ ತಿಳಿ ಮಾತ್ರವಲ್ಲ, ಬೇಳೆಯೂ ತಟ್ಟೆಗೆ ಬರಲಿ. ಸಬ್ಬಸಿಗೆ, ಮೆಂತ್ಯ, ನುಗ್ಗೆ ಸೊಪ್ಪನ್ನು ಹಾಲು ಹೆಚ್ಚಿಸುವ ಸೊಪ್ಪೆಂದು ಹಿರಿಯರೇ ಕೊಡುತ್ತಾರೆ, ಅದನ್ನು ಮೂರನೇ ತಿಂಗಳಿಗೆ ಮುಂದೂಡದೆ ಮೊದಲ ವಾರದಿಂದಲೇ ಕೇಳಿ. ಎಳ್ಳುಂಡೆ, ಶೇಂಗಾ, ರಾಗಿ ಅಂಬಲಿ, ಗೋಧಿ ಪಾಯಸ, ಬೆಂದ ಮೊಟ್ಟೆ ಇವುಗಳಲ್ಲಿ ಯಾವುದಕ್ಕೆ ಮನೆಯಲ್ಲಿ ತಕರಾರಿಲ್ಲವೋ ಅದನ್ನು ದಿನಕ್ಕೆರಡು ಸಲ ಕೊಡಿ. ಅಕ್ಕಿಯನ್ನು ಬಸಿಯಬೇಡಿ. ಎಲೆ ಅಡಿಕೆಯಲ್ಲಿ ಅಡಿಕೆ ಬಿಡಿಸಿ, ಎಲೆ ಸುಣ್ಣದ ಶಾಸ್ತ್ರ ಉಳಿಯಲಿ. ಬಿ ಕಾಂಪ್ಲೆಕ್ಸ್ ಮಾತ್ರೆ ಬೇಕೇ ಎಂದು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ. ಹಿಂದಿನ ಕೂಸೊಂದು ಎರಡು ಮೂರು ತಿಂಗಳಿಗೆ ಏದುಸಿರು ಬಂದು ಹೋಗಿದ್ದ ಮನೆಯಾದರೆ ಈ ಮಾತನ್ನು ಗರ್ಭಿಣಿಯಿದ್ದಾಗಲೇ ವೈದ್ಯರಿಗೆ ಹೇಳಬೇಕು.

ಹಂತ 7: ಅಂಗನವಾಡಿ ಮತ್ತು ಆಶಾ ಮೂಲಕ ಬರುವುದನ್ನು ಬಿಡಬೇಡಿ

ವಿಟಮಿನ್ ಎ ದ್ರಾವಣ ಮಗುವಿಗೆ ಒಟ್ಟು 9 ಸಲ. ಮೊದಲನೆಯದು 9 ತಿಂಗಳು ತುಂಬಿದಾಗ ದಡಾರ ಲಸಿಕೆಯ ಜೊತೆ, 1 ಮಿ.ಲೀ., ಅಂದರೆ 1 ಲಕ್ಷ ಐಯು. ಎರಡನೆಯದು 16-18 ತಿಂಗಳಿಗೆ, ಆಮೇಲೆ ಆರಾರು ತಿಂಗಳಿಗೊಮ್ಮೆ 5 ವರ್ಷದವರೆಗೆ, ಪ್ರತಿ ಸಲ 2 ಮಿ.ಲೀ., 2 ಲಕ್ಷ ಐಯು. ಬಾಟಲಿಯ ಜೊತೆ ಬರುವ ಗೆರೆಯಿರುವ ಚಮಚದಲ್ಲೇ ಅಳೆಯಬೇಕು, ಮನೆಯ ಚಮಚದಲ್ಲಿ ಅಲ್ಲ. ತೆರೆದ ಬಾಟಲಿಯ ಮೇಲೆ ತಾರೀಕು ಬರೆದಿರಬೇಕು, ಎಂಟು ವಾರ ದಾಟಿದ್ದನ್ನು ಹಾಕಿಸಬೇಡಿ. ಒಂದೆರಡು ದಿನ ವಾಂತಿ, ತಲೆನೋವು ಬಂದರೆ ತಾನಾಗಿ ಇಳಿಯುತ್ತದೆ.

ಇಲ್ಲಿ ಆಗುವ ತಪ್ಪು ಎರಡು. ಮೊದಲ ಡೋಸ್ ಲಸಿಕೆಯ ಜೊತೆ ಆಗುತ್ತದೆ, ಎರಡು ವರ್ಷದ ಮೇಲೆ ಲಸಿಕೆ ವಿರಳವಾದಾಗ ಇದೂ ಮರೆತುಹೋಗುತ್ತದೆ. ಇನ್ನೊಂದು, ಊರಲ್ಲಿ ಹಾಕಿಸಿದ್ದನ್ನು ಹೇಳದೆ ಅಜ್ಜಿ ಮನೆಯಲ್ಲಿ ಮತ್ತೆ ಹಾಕಿಸುವುದು. ತಾಯಿ ಕಾರ್ಡಿನಲ್ಲಿ ತಾರೀಕು ಬರೆಸಿಕೊಂಡರೆ ಎರಡೂ ತಪ್ಪುತ್ತವೆ. ಇರುಳುಗುರುಡು ಇರುವ ಮಗುವಿಗೆ ಕೊಡುವ ಲೆಕ್ಕವೇ ಬೇರೆ, ಅದು ವೈದ್ಯರ ಕೈಯಲ್ಲಿ. ಈ ದೊಡ್ಡ ಡೋಸನ್ನು ಗರ್ಭಿಣಿಗೆ ಎಂದೂ ಕೊಡಬಾರದು, ಹೊಟ್ಟೆಯ ಮಗುವಿಗೆ ಅಂಗವಿಕಲತೆ ಬರಬಹುದು.

ಫೋಲಿಕ್ ಆಮ್ಲ ಗರ್ಭ ನಿಂತ ಮೇಲಲ್ಲ, ನಿಲ್ಲುವ ಮೊದಲೇ ಬೇಕು: ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚುವುದು ನಾಲ್ಕನೇ ವಾರಕ್ಕೆ, ಆಗ ತಾಯಿಗೆ ಗೊತ್ತೇ ಇರುವುದಿಲ್ಲ. ನಾಲ್ಕನೇ ತಿಂಗಳಿಂದ ಕಬ್ಬಿಣ 60 ಮಿ.ಗ್ರಾಂ., ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ ಇರುವ ಕೆಂಪು ಮಾತ್ರೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ. ನಿಂಬೆ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರ ಇಡಿ. ಮಲ ಕಪ್ಪಾದರೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ನುಂಗಿ, ಆದರೆ ನಿಲ್ಲಿಸಬೇಡಿ.

ಶಾಲೆಯ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ಮೊಟ್ಟೆ, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಊಟ ಇವೆಲ್ಲ ಹಂತ 1ರ ಲೆಕ್ಕಕ್ಕೆ ಸೇರುವಂಥವು. ಬಾಣಂತಿ ಅಂಗನವಾಡಿಗೆ ನಡೆದುಹೋಗುವುದನ್ನು ಮನೆಯವರು ಒಪ್ಪದಿದ್ದರೆ ಕಾರ್ಯಕರ್ತೆಯನ್ನೇ ಮನೆಗೆ ಕರೆದು ಮಾತಾಡಿಸಿ. ಜಂತುಹುಳದ ಮಾತ್ರೆ ಫೆಬ್ರವರಿ, ಆಗಸ್ಟ್‌ನಲ್ಲಿ ತಪ್ಪಬಾರದು.

ಹಂತ 8: ಪರೀಕ್ಷೆ ಮೊದಲು, ಇಂಜೆಕ್ಷನ್ ಆಮೇಲೆ

ಬಿ12 ಇಂಜೆಕ್ಷನ್ ಒಂದು ಬಿದ್ದರೂ ರಕ್ತದ ಲೆಕ್ಕ ಏರಿಬಿಡುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿದರೆ ‘ಎಲ್ಲ ಸರಿ’ ಎಂದು ಬರುತ್ತದೆ. ಆದ್ದರಿಂದ ರಕ್ತ ಮೊದಲು ಕೊಡಿ. ಬಿ12 ಒಂದು ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200-300ರ ನಡುವೆ ಅನುಮಾನ. ದುಡ್ಡಿಲ್ಲದಿದ್ದರೆ ಸಾದಾ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ಅದರಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕಡೆ ಬೆರಳು ತೋರಿಸುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕಬ್ಬಿಣದ ಕೊರತೆಯೂ ಜೊತೆಗಿರುತ್ತದೆ. ಬಿ12 ಕೊರತೆ ರಕ್ತಕಣವನ್ನು ಹಿಗ್ಗಿಸಿದರೆ ಕಬ್ಬಿಣದ ಕೊರತೆ ಕುಗ್ಗಿಸುತ್ತದೆ, ಎಂಸಿವಿ ನಡುವೆ ನಿಂತು ಸರಿಯಿರುವಂತೆ ಕಾಣುತ್ತದೆ. ಅಂಗಾಲು ಉರಿ ಇದ್ದು ಎಂಸಿವಿ ಸರಿಯಿದ್ದರೂ ಬಿ12 ಬಿಟ್ಟುಕೊಡಬೇಡಿ.

ಬಿ12 ನೋಡದೆ ಫೋಲಿಕ್ ಆಮ್ಲದ 5 ಮಿ.ಗ್ರಾಂ. ಮಾತ್ರೆಯನ್ನಷ್ಟೇ ನುಂಗಿಸಿದರೆ ರಕ್ತ ಏರುತ್ತದೆ, ಮುಖ ಕಳೆಗಟ್ಟುತ್ತದೆ, ನರ ಮಾತ್ರ ಒಳಗೊಳಗೇ ಸಾಯುತ್ತಿರುತ್ತದೆ. ಇದಕ್ಕಿಂತ ಮೋಸದ ಸುಧಾರಣೆ ಇನ್ನೊಂದಿಲ್ಲ.

ಮೊದಲು ಎತ್ತಿಟ್ಟ ಮಾತ್ರೆ ಪಟ್ಟಿಗಳು ಈಗ ಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುತ್ತದೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ. ಕ್ಷಯದ ಐಸೋನಿಯಜಿಡ್ ಬಿ6 ಇಳಿಸುತ್ತದೆ, ಅದಕ್ಕೆಂದೇ ಜೊತೆಗೊಂದು ಪಿರಿಡಾಕ್ಸಿನ್ ಮಾತ್ರೆ ಕೊಟ್ಟಿರುತ್ತಾರೆ. ಚಿಕ್ಕದೆಂದು ಅದನ್ನು ಬಿಡುವವರು ಬಹಳ.

ವಿಟಮಿನ್ ಡಿಯ 60,000 ಐಯು ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೆ ಒಂದು. ಸಾಮಾನ್ಯವಾಗಿ ಎಂಟು ವಾರಕ್ಕೆ ಬರೆದಿರುತ್ತಾರೆ. ಚೀಟಿ ಓದಲಾಗದೆ ದಿನಕ್ಕೊಂದರಂತೆ ಕುಡಿಯುವುದು, ‘ಮೂಳೆಗೆ ಒಳ್ಳೇದು’ ಎಂದು ತಿಂಗಳಾನುಗಟ್ಟಲೆ ತಾವೇ ತಂದು ಕುಡಿಯುವುದು ಇವೆರಡೂ ನಡೆಯುತ್ತವೆ. ವಾಂತಿ, ಮಲಬದ್ಧತೆ, ಅತಿ ದಾಹ, ಪದೇ ಪದೇ ಮೂತ್ರ ಬಂದರೆ ಕೂಡಲೇ ನಿಲ್ಲಿಸಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಪುಡಿ ಪ್ಯಾಕೆಟ್ಟಿನ ಮೇಲೆ ‘ಸೋಮವಾರ’ ಎಂದು ಪೆನ್ನಿನಲ್ಲಿ ಬರೆದಿಟ್ಟರೆ ಸಾಕು, ತಪ್ಪುವುದಿಲ್ಲ.

ಹಂತ 9: ಯಾವಾಗ ಮತ್ತೆ ನೋಡಬೇಕು

ಇರುಳುಗುರುಡು ಔಷಧಿ ಬಿದ್ದ ಕೆಲವೇ ದಿನಗಳಲ್ಲಿ ಹೋಗಬೇಕು. ಬಿಟಾಟ್ ಚುಕ್ಕೆ ಮಾತ್ರ ದೊಡ್ಡ ಮಕ್ಕಳಲ್ಲಿ ಕೊರತೆ ಸರಿಹೋದ ಮೇಲೂ ಹಾಗೇ ಉಳಿಯಬಹುದು. ಕಟಬಾಯಿ, ನಾಲಿಗೆ ಒಂದೆರಡು ವಾರ. ಬಿ12 ಕೊರತೆಯಿಂದ ಇಳಿದ ರಕ್ತ ಎರಡು ತಿಂಗಳಿಗೆ ಏರುತ್ತದೆ, ಜುಮ್ಮು ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷ. ಮೊದಲ ಎರಡು ವಾರ ಉರಿ ತುಸು ಹೆಚ್ಚಿದಂತೆ ಅನಿಸಿದರೂ ಚಿಕಿತ್ಸೆ ಬಿಡಬೇಡಿ. ಮೂಳೆ ನೋವಿಗೆ ಎರಡು ಮೂರು ತಿಂಗಳು.

ಆ ಅವಧಿಗೆ ಬದಲಾವಣೆ ಕಾಣದಿದ್ದರೆ ಇನ್ನೊಂದು ಟಾನಿಕ್ ತರಬೇಡಿ. ಮತ್ತೆ ಮೂರು ದಿನದ ಊಟ ಬರೆಯಿರಿ. ತಟ್ಟೆ ನಿಜವಾಗಿಯೂ ಬದಲಾಗಿದ್ದು, ಮಾತ್ರೆಯನ್ನೂ ನುಂಗಿದ್ದು, ಆದರೂ ಕೊರತೆ ಉಳಿದಿದ್ದರೆ ತೊಂದರೆ ಹೊಟ್ಟೆ ಕರುಳಿನಲ್ಲಿದೆ: ಬಹುಕಾಲದ ಭೇದಿ, ಜಂತು, ಜಠರದಲ್ಲಿ ಬಿ12 ಹೀರುವ ಶಕ್ತಿ ಹೋಗಿರುವುದು, ಗೋಧಿ ಒಗ್ಗದಿರುವುದು. ಆ ನೋಟ್‌ಬುಕ್ಕು, ರಕ್ತದ ರಿಪೋರ್ಟು, ಮಾತ್ರೆ ಪಟ್ಟಿ ಮೂರನ್ನೂ ಹಿಡಿದು ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ಫಿಜಿಷಿಯನ್ ಬಳಿ ಹೋಗಿ.